ಲಾರ್ಚ್ ಬೋನ್ಸಾಯ್‌ಗೆ ಕುಂಡ ಬದಲಿಸುವುದು ಯಾವಾಗ, ಹೇಗೆ?

ಒಂದೇ ಒಂದು ವಾರ ತಡ ಮಾಡಿದ್ದೆ. ಮೊಗ್ಗುಗಳ ತುದಿಯಲ್ಲಿ ಹಸಿರು ಕಂಡಿತ್ತು, ಕುಂಡವೂ ತೊಳೆದಿಟ್ಟಾಗಿತ್ತು. ಆದರೆ ಮರವನ್ನು ಕುಂಡಕ್ಕೆ ಕಟ್ಟುವ ತಂತಿ ಮುಗಿದಿತ್ತು. ಮುಂದಿನ ಭಾನುವಾರ ಮಾಡಿದರಾಯ್ತು ಅಂದುಕೊಂಡೆ. ನಡುವೆ ನಾಲ್ಕು ದಿನ ಒಳ್ಳೆ ಬಿಸಿಲು ಬಂತು. ಭಾನುವಾರ ನೋಡಿದರೆ ಕೊಂಬೆ ತುಂಬ ಪುಟ್ಟ ಪುಟ್ಟ ಹಸಿರು ಕುಚ್ಚುಗಳು. ಅಲ್ಲಿಗೆ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಬೇರು ಕತ್ತರಿಸಿ ಹೊಸ ಕುಂಡಕ್ಕೆ ಹಾಕಿಯೇಬಿಟ್ಟೆ. ಹತ್ತು ದಿನದಲ್ಲಿ ಕುಚ್ಚುಗಳೆಲ್ಲ ಜೋತುಬಿದ್ದವು. ಮರ ಹೇಗೋ ಬದುಕಿಕೊಂಡಿತು, ಆದರೆ ಎಡಗಡೆಯ ಎರಡು ಕೊಂಬೆ ಒಣಗಿಹೋದವು. ಆ ಕೊಂಬೆಗಳನ್ನು ಹದಕ್ಕೆ ತರಲು ಆರು ವರ್ಷ ಹಿಡಿದಿತ್ತು.

ಹಾಗಾಗಿ ಇಲ್ಲಿ 'ಯಾವಾಗ' ಅನ್ನುವುದಕ್ಕೆ ಸ್ವಲ್ಪ ಜಾಸ್ತಿಯೇ ಜಾಗ ಕೊಟ್ಟಿದ್ದೇನೆ. 'ಹೇಗೆ' ಅನ್ನುವುದು ಎರಡು ಮೂರು ಮರ ಮಾಡುವಷ್ಟರಲ್ಲಿ ಕೈಗೆ ಕೂತುಬಿಡುತ್ತದೆ.

ಎಲೆ ಉದುರಿಸುವ ಸೂಜಿ ಮರ

ಲಾರ್ಚ್ ಮರ ಪೈನ್, ಸ್ಪ್ರೂಸ್‌ಗಳ ನೆಂಟ. ಆ ಕುಟುಂಬದ ಹೆಚ್ಚಿನ ಮರಗಳು ವರ್ಷವಿಡೀ ಹಸಿರಾಗಿರುತ್ತವೆ. ಇದು ಮಾತ್ರ ಚಳಿಗಾಲಕ್ಕೆ ಮುಂಚೆ ಬಂಗಾರದ ಬಣ್ಣಕ್ಕೆ ತಿರುಗಿ, ಸೂಜಿ ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಹೊಸದಾಗಿ ಸಾಕುವವರು ಮರ ಸತ್ತೇಹೋಯಿತು ಅಂತ ಗಾಬರಿಯಾಗುವುದು ಇದಕ್ಕೇ.

ಬೋನ್ಸಾಯ್‌ಗೆ ಹೆಚ್ಚಾಗಿ ಬಳಸುವುದು ಯುರೋಪಿನ ಲಾರ್ಚ್, ಜಪಾನಿನ ಲಾರ್ಚ್ ಮತ್ತು ಉತ್ತರ ಅಮೆರಿಕದ ಟ್ಯಾಮರ್ಯಾಕ್. ಜಪಾನಿನದ್ದಕ್ಕೆ ಅಲ್ಲಿನವರು ಕರಮಾತ್ಸು ಅನ್ನುತ್ತಾರೆ. ಎಳೆ ಕಡ್ಡಿ ಹುಲ್ಲಿನಂಥ ತಿಳಿಹಳದಿ ಇದ್ದರೆ ಯುರೋಪಿನದ್ದು, ಕೆಂಪು ಛಾಯೆ ಇದ್ದರೆ ಜಪಾನಿನದ್ದು ಅಂತ ಸುಮಾರಾಗಿ ಗುರುತಿಸಬಹುದು. ಕುಂಡ ಬದಲಿಸುವ ವಿಷಯದಲ್ಲಿ ಮೂರಕ್ಕೂ ಒಂದೇ ಲೆಕ್ಕ. ಮೂರಕ್ಕೂ ನಿಜವಾದ ಚಳಿಗಾಲ ಬೇಕು. ಬಯಲಿನಲ್ಲೇ ಇರಬೇಕು. ಮನೆಯೊಳಗೆ ಕಿಟಕಿ ಪಕ್ಕ ಇಟ್ಟು ಸಾಕುವ ಗಿಡ ಇದಲ್ಲ. ವರ್ಷವಿಡೀ ಸೆಕೆ ಇರುವ ಕಡೆ ಇದರ ಆಸೆ ಬಿಟ್ಟು ಬೇರೆ ಮರ ಹಿಡಿಯುವುದೇ ಜಾಣತನ.

ಎಲೆ ಉದುರಿಸುವ ಈ ಗುಣವೇ ನಮಗೆ ಅನುಕೂಲ. ಪೈನ್ ಮರದಲ್ಲಿ ಯಾವಾಗಲೂ ಎಲೆ ಇರುತ್ತದೆ, ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಬೋಳು ಲಾರ್ಚ್‌ಗೆ ಆ ಖರ್ಚು ತೀರಾ ಕಡಿಮೆ. ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಆಹಾರದ ಮೇಲೆ ಮಲಗಿರುತ್ತದೆ. ಆಗ ಬೇರು ಕತ್ತರಿಸಿದರೆ ತಡೆದುಕೊಳ್ಳುತ್ತದೆ. ಅರಣ್ಯದಲ್ಲಿ ನೆಡಲು ಲಾರ್ಚ್ ಸಸಿಗಳನ್ನು ಬೋಳಾಗಿದ್ದಾಗ ಕಿತ್ತು, ಬೇರಿಗೆ ಮಣ್ಣೇ ಇಲ್ಲದಂತೆ ಸಾಗಿಸುವುದು ಸಾಧ್ಯವಾಗುವುದೂ ಇದರಿಂದಲೇ. ಎಲೆ ಬಿಚ್ಚಿದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. ಮೇಲಿಂದ ನೀರಿನ ಬೇಡಿಕೆ ಶುರು, ಕೆಳಗೆ ಕೊಡಲು ಬೇರಿಲ್ಲ.

ದಿನ ಗೊತ್ತುಮಾಡುವುದು ಮೊಗ್ಗು

ಚಳಿಗಾಲದಲ್ಲಿ ಲಾರ್ಚ್ ಮೊಗ್ಗು ಸಾಸಿವೆ ಕಾಳಿನಂತೆ ಗಟ್ಟಿ, ಕಂದು, ಮಂಕು. ವಸಂತ ಹತ್ತಿರ ಬಂದಂತೆ ಊದಿಕೊಂಡು ಸ್ವಲ್ಪ ಹೊಳಪು ಬರುತ್ತದೆ. ಆಮೇಲೆ ಮೇಲಿನ ಕಾಗದದಂಥ ಸಿಪ್ಪೆ ಬಿರಿದು ತುದಿಯಲ್ಲಿ ಸೂಜಿಮೊನೆಯಷ್ಟು ಹಸಿರು ಕಾಣುತ್ತದೆ. ಅದೇ ದಿನ. ಬೇರುಗಳೂ ಸುಮಾರು ಅದೇ ಹೊತ್ತಿಗೆ ಎಚ್ಚರಗೊಳ್ಳುವುದರಿಂದ ಕತ್ತರಿಸಿದ ಗಾಯ ಬೇಗ ಮಾಯುತ್ತದೆ.

ಹಸಿರು ಎರಡು ಮೂರು ಮಿಲಿಮೀಟರ್ ಹೊರಬಂದು ಕ್ಷೌರದ ಬ್ರಷ್ಷಿನ ಹಾಗೆ ಒತ್ತಾಗಿ ನಿಂತಿದ್ದರೆ ಇನ್ನೂ ಮಾಡಬಹುದು, ಆದರೆ ಇವತ್ತೇ ಮಾಡಬೇಕು, ಬೇರಿಗೆ ಕೈ ಹಗುರ ಇರಬೇಕು. ಕುಚ್ಚು ಹೂವಿನ ಹಾಗೆ ಅರಳಿ ಸೂಜಿಗಳು ಬೇರೆ ಬೇರೆಯಾಗಿ ಕಂಡವೋ, ಆ ವರ್ಷದ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ.

ಒಂದೇ ಮೊಗ್ಗು ನೋಡಿ ತೀರ್ಮಾನ ಮಾಡಬೇಡಿ. ಬಿಸಿಲು ಬೀಳುವ ಕಡೆಯ ಮೊಗ್ಗುಗಳು ಮುಂದಿರುತ್ತವೆ, ನೆರಳಿನವು ಹಿಂದೆ. ಮರದ ಸುತ್ತ ಒಂದು ಸುತ್ತು ಬನ್ನಿ. ವಯಸ್ಸಾದ ಮರಗಳಲ್ಲಿ ಇದೇ ಹೊತ್ತಿಗೆ ಗುಲಾಬಿ-ಕೆಂಪು ಬಣ್ಣದ ಪುಟ್ಟ ಹೆಣ್ಣು ಕಾಯಿಗಳೂ ಕಾಣಿಸಬಹುದು. ನೋಡಲು ಬಲು ಚೆಂದ, ಆದರೆ ಅವನ್ನು ನಂಬಿ ದಿನ ಇಡಬೇಡಿ. ಎಲೆಯ ಮೊಗ್ಗನ್ನೇ ನೋಡಿ.

ತಿಂಗಳು ಹೇಳಿ ಅಂದರೆ, ಉತ್ತರ ಗೋಳಾರ್ಧದಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ದಕ್ಷಿಣದಲ್ಲಿ ಆಗಸ್ಟ್, ಸೆಪ್ಟೆಂಬರ್. ಇದು ಬರೀ ಅಂದಾಜು. ಒಂದೇ ಅಂಗಳದಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ಎರಡು ವಾರ ಹೆಚ್ಚುಕಡಿಮೆ ಆಗುತ್ತದೆ. ಮರ ಹಲವು ಇದ್ದರೆ ಲಾರ್ಚ್‌ಗೇ ಮೊದಲ ಸರದಿ ಕೊಡಿ, ಇದು ಬೇಗ ಏಳುವ ಮರ. ಹಸಿರು ಕಂಡ ಮೇಲೆ ನಿಮ್ಮ ಕೈಯಲ್ಲಿರುವುದು ಒಂದು ವಾರ, ಬಿಸಿಲಿದ್ದರೆ ಇನ್ನೂ ಕಮ್ಮಿ. ಅದಕ್ಕೇ ತಂತಿ, ಜಾಲರಿ, ಜರಡಿ ಹಿಡಿದ ಮಣ್ಣು ಎಲ್ಲ ಒಂದು ತಿಂಗಳು ಮೊದಲೇ ಸಿದ್ಧವಿರಲಿ ಅಂತ ನಾನು ಈಗ ಹಟ ಹಿಡಿಯುವುದು.

ಎಲೆ ಹಳದಿಯಾಗುವ ಕಾಲದಲ್ಲೂ ಕೆಲವರು ಮಾಡುತ್ತಾರೆ. ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಬೇರು ಸ್ವಲ್ಪ ಬೆಳೆಯುತ್ತದೆ, ನಿಜ. ಆದರೆ ಗಾಯಗೊಂಡ ಬೇರನ್ನು ಇಡೀ ಚಳಿಗಾಲ ಹೆಪ್ಪುಗಟ್ಟದಂತೆ ಕಾಯಬೇಕು. ಅಂಥ ಜಾಗ ಇಲ್ಲದವರಿಗೆ ಆ ತಾಪತ್ರಯ ಬೇಡ. ನಾನಂತೂ ಮಾಡುವುದಿಲ್ಲ.

ಈ ವರ್ಷ ನಿಜವಾಗಿ ಬೇಕಾ?

ಎಳೆ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ, ಹಳೆಯದಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಸಾಕು. ಲೆಕ್ಕಕ್ಕಿಂತ ನೀರು ಹಾಕಿ ನೋಡುವುದು ಒಳ್ಳೆಯದು. ಹಾಕಿದ ನೀರು ಮಣ್ಣಿನ ಮೇಲೆ ಕೆರೆಯ ಹಾಗೆ ನಿಂತು ನಿಧಾನಕ್ಕೆ ಇಳಿಯುತ್ತಿದ್ದರೆ ಒಳಗೆ ಗಾಳಿಗೆ ಜಾಗವಿಲ್ಲ. ಮಣ್ಣು ಕುಂಡದ ಅಂಚಿಗಿಂತ ಮೇಲೆದ್ದಿದ್ದರೆ ಬೇರುಗಳು ತಳದಲ್ಲಿ ಸುತ್ತಿಕೊಂಡು ಮರವನ್ನೇ ಮೇಲಕ್ಕೆ ತಳ್ಳುತ್ತಿವೆ ಅಂತ ಅರ್ಥ. ಒಂದು ಚಾಪ್‌ಸ್ಟಿಕ್ ಚುಚ್ಚಿ ನೋಡಿ. ಒಳಗೆ ಇಳಿಯದೆ ಸೆಟೆದು ನಿಂತರೆ ಉತ್ತರ ಸಿಕ್ಕಿತು.

ಕೆಲವು ಸಲ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕಟ್ಟಿಕೊಂಡಿರುತ್ತದೆ. ಮೇಲಿನ ಪದರ ಕೆರೆದು ಹೊಸ ಮಣ್ಣು ಹಾಕಿದರೆ ಇನ್ನೊಂದು ವರ್ಷ ಸುಖವಾಗಿ ದೂಡಬಹುದು. ಚೆನ್ನಾಗಿರುವ ಮರಕ್ಕೆ ಸುಮ್ನೆ ಕೈ ಹಾಕಬೇಡಿ. ಹಿಂದಿನ ಬೇಸಿಗೆಯಲ್ಲಿ ಸೊರಗಿದ್ದ ಮರಕ್ಕೆ ಎರಡು ಸಲ ಯೋಚಿಸಿ. ನೀರು ನಿಂತು ಬೇರು ಕೊಳೆಯುತ್ತಿರುವುದೇ ಸೊರಗಲು ಕಾರಣವಾದರೆ ಬದಲಿಸಲೇಬೇಕು. ಇಲ್ಲದಿದ್ದರೆ ಒಂದು ವರ್ಷ ಗೊಬ್ಬರ ಕೊಟ್ಟು ಗಟ್ಟಿ ಮಾಡಿಕೊಂಡು ಆಮೇಲೆ ಮುಟ್ಟಿ.

ಮಣ್ಣು

ಲಾರ್ಚ್‌ಗೆ ನೀರು ಬೇಕು, ಆದರೆ ಕುಂಡದಲ್ಲಿ ನೀರು ನಿಲ್ಲಬಾರದು. ಟ್ಯಾಮರ್ಯಾಕ್ ಜೌಗು ನೆಲದಲ್ಲೂ ಬೆಳೆಯುತ್ತದಲ್ಲ ಅಂತ ಕೇಳಬಹುದು. ಬೆಳೆಯುತ್ತದೆ, ಆದರೆ ಅಲ್ಲಿ ಬೇರು ಹರಡಲು ಇಷ್ಟಬಂದಷ್ಟು ಜಾಗ ಇದೆ. ನಮ್ಮ ಕುಂಡದ ಆಳ ನಾಲ್ಕು ಬೆರಳು.

ನಾನು ಅಕಡಾಮ, ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು ಮೂರನ್ನೂ ಸಮಪಾಲು ಬೆರೆಸುತ್ತೇನೆ. ಅಕಡಾಮ ಜಪಾನಿನ ಹರಳು ಮಣ್ಣು, ನೀರನ್ನೂ ಗೊಬ್ಬರವನ್ನೂ ಹಿಡಿದಿಡುತ್ತದೆ. ಆದರೆ ಹೆಪ್ಪುಗಟ್ಟಿ ಕರಗುವ ಚಳಿಗೆ ಅದರ ಮೆತ್ತನೆ ಹರಳು ಪುಡಿಯಾಗಿ ಕೆಸರಾಗುತ್ತದೆ. ಚಳಿ ಬಹಳ ಇರುವ ಕಡೆ ಅದರ ಪಾಲು ಇಳಿಸಿ ಪ್ಯೂಮಿಸ್ ಏರಿಸಿ. ಅಕಡಾಮ ಸಿಗದಿದ್ದರೆ ಗಟ್ಟಿಯಾಗಿ ಸುಟ್ಟ ಜೇಡಿಮಣ್ಣಿನ ಹರಳೂ ನಡೆಯುತ್ತದೆ. ತೋಟದ ಮಣ್ಣು ಮಾತ್ರ ಬೇಡ.

ಮಿಶ್ರಣಕ್ಕಿಂತ ಮುಖ್ಯ ಜರಡಿ. ಹರಳು 3ರಿಂದ 6 ಮಿಲಿಮೀಟರ್ ಇರಲಿ, ಅಂಗೈಯಗಲದ ಪುಟ್ಟ ಮರಕ್ಕೆ 2ರಿಂದ 4. ಚೀಲದ ತಳದಲ್ಲಿ ಉಳಿಯುವ ದೂಳನ್ನು 'ಹೋಗಲಿ ಬಿಡು' ಅಂತ ಸೇರಿಸಿದರೆ, ಅದೇ ದೂಳು ಕೆಳಗಿಳಿದು ಕುಂಡದ ತಳದಲ್ಲಿ ಗಾರೆಯ ಹಾಗೆ ಕೂರುತ್ತದೆ.

ಉಳಿದ ಸಾಮಾನು ಇಷ್ಟು: ಬೇರು ಬಾಚುವ ಕೊಕ್ಕೆ, ಚೂಪಾದ ಕತ್ತರಿ, ದಪ್ಪ ಬೇರಿಗೆ ಚಿಕ್ಕ ಗರಗಸ, ತಂತಿ ಕತ್ತರಿಸುವ ಇಕ್ಕಳ, 2 ಮಿಲಿಮೀಟರ್ ಆಸುಪಾಸಿನ ಅಲ್ಯೂಮಿನಿಯಂ ತಂತಿ, ತೂತಿಗೆ ಪ್ಲಾಸ್ಟಿಕ್ ಜಾಲರಿ, ಒಂದೆರಡು ಚಾಪ್‌ಸ್ಟಿಕ್, ನೀರು ಚಿಮುಕಿಸುವ ಬಾಟಲಿ.

ಕೆಲಸದ ದಿನ

*1. ಹಿಂದಿನ ದಿನ ನೀರು ಹಾಕಬೇಡಿ.* ಮಣ್ಣು ಸ್ವಲ್ಪ ಒಣಗಿದ್ದರೆ ಬೇರಿನಿಂದ ಸಲೀಸಾಗಿ ಉದುರುತ್ತದೆ. ಒದ್ದೆ ಇದ್ದರೆ ಬಾಚುವಾಗ ಎಳೆ ಬೇರುಗಳೂ ಕಿತ್ತುಬರುತ್ತವೆ. ಆದರೆ ಪೂರ್ತಿ ಒಣಗಲು ಬಿಡಬಾರದು. ಕೆಲಸಕ್ಕೆ ನೆರಳಿರುವ, ಗಾಳಿ ಬೀಸದ ಜಾಗ ಆರಿಸಿ.

*2. ಹೊಸ ಕುಂಡವನ್ನು ಮೊದಲೇ ಸಿದ್ಧಮಾಡಿ.* ತೂತುಗಳಿಗೆ ಜಾಲರಿ ಇಟ್ಟು ತಂತಿಯಲ್ಲಿ ಬಿಗಿಯಿರಿ. ಮರ ಕಟ್ಟುವ ತಂತಿಗಳನ್ನು ತಳದಿಂದ ಮೇಲಕ್ಕೆ ಏರಿಸಿ ಅಂಚಿನ ಹೊರಗೆ ಮಡಚಿಡಿ. ಮರ ಹೊರಗೆ ತೆಗೆದ ಮೇಲೆ ತಂತಿ ಹುಡುಕುತ್ತಾ ಕೂರುವ ಹಾಗಾಗಬಾರದು.

*3. ಮರವನ್ನು ಹೊರತೆಗೆಯಿರಿ.* ಕುಂಡದ ಅಡಿಯಲ್ಲಿ ಹಳೆಯ ತಂತಿ ಕತ್ತರಿಸಿ, ಒಳ ಅಂಚಿನ ಸುತ್ತ ಚಾಕು ಆಡಿಸಿ. ಬುಡವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿ ಎತ್ತಿ. ಕೊಂಬೆ ಹಿಡಿಯಲೇಬಾರದು. ಈ ಹೊತ್ತಿನಲ್ಲಿ ಊದಿದ ಮೊಗ್ಗುಗಳು ಅಂಗಿಯ ತೋಳು ತಾಗಿದರೂ ಉದುರುತ್ತವೆ. ಒಂದು ಮೊಗ್ಗು ಹೋಯಿತೆಂದರೆ ಸೂಜಿಯ ಒಂದು ಇಡೀ ಕುಚ್ಚು ಹೋದ ಹಾಗೆ. ಉದ್ದ ತೋಳಿನ ಸ್ವೆಟರ್ ಬಿಚ್ಚಿಟ್ಟೇ ಕೆಲಸಕ್ಕೆ ಕೂರಿ.

*4. ಬೇರು ಬಿಡಿಸುವುದು.* ಇದಕ್ಕೆ ಆತುರ ಸಲ್ಲ. ಕೊಕ್ಕೆಯಲ್ಲಿ ಬುಡದಿಂದ ಹೊರಕ್ಕೆ, ತಲೆ ಬಾಚುವ ಹಾಗೆ ಬಾಚಿ. ಅಡ್ಡಡ್ಡ ಎಳೆದರೆ ಬೇರಿನ ಸಿಪ್ಪೆ ಸುಲಿಯುತ್ತದೆ. ಮೊದಲು ತಳ, ಆಮೇಲೆ ಬದಿಗಳು, ಕೊನೆಗೆ ಮೇಲ್ಭಾಗ.

ಬಾಚುವಾಗ ಬಿಳಿ ಬೂಷ್ಟಿನಂಥ ಎಳೆಗಳು ಕಂಡಾವು. ಮೂಸಿ ನೋಡಿ, ಅಣಬೆಯ ವಾಸನೆ ಬರುತ್ತದೆ. ರೋಗ ಅಂತ ತೊಳೆದುಹಾಕಬೇಡಿ. ಅದು ಮೈಕೊರೈಜಾ, ಬೇರಿನ ಜೊತೆ ಬದುಕುವ ಶಿಲೀಂಧ್ರ. ಮರಕ್ಕೆ ನೀರು, ಲವಣ ದೊರಕಿಸಿಕೊಟ್ಟು ಬದಲಿಗೆ ಸಕ್ಕರೆ ಪಡೆಯುತ್ತದೆ. ಕಾಡಿನಲ್ಲಿ ಲಾರ್ಚ್ ಬುಡದಲ್ಲೇ ಏಳುವ ಹಳದಿ-ಕಿತ್ತಳೆ ಬಣ್ಣದ ಒಂದು ಅಣಬೆಯೂ ಇದೆ, ಇವೆರಡರ ನಂಟು ಅಷ್ಟು ಗಟ್ಟಿ. ಹಾಗಾಗಿ ಹಳೆ ಮಣ್ಣನ್ನು ಪೂರ್ತಿ ತೆಗೆಯಬೇಡಿ, ಒಂದು ಭಾಗ ಬುಡದ ಹತ್ತಿರ ಉಳಿಯಲಿ. ಪೈಪ್ ಹಿಡಿದು ಬೇರನ್ನು ತೊಳೆದು ಬೋಳು ಮಾಡುವುದನ್ನು ಎಳೆ ಸಸಿಗಳಿಗೆ ಬೇಕಾದರೆ ಮಾಡಿ. ಹಳೆ ಮರಕ್ಕೆ ಬೇಡವೇ ಬೇಡ.

ವಾಸನೆ ಕೊಳೆತ ಹಾಗಿದ್ದು, ಬೇರು ಕಪ್ಪಾಗಿ ಒತ್ತಿದರೆ ಸಿಪ್ಪೆ ಜಾರಿಬರುತ್ತಿದ್ದರೆ ಅದು ಬೇರೆ ಕಥೆ. ಆ ಭಾಗವನ್ನು ಜೀವಂತ ಬೇರು ಸಿಗುವವರೆಗೆ ಕತ್ತರಿಸಿ ತೆಗೆಯಿರಿ.

*5. ಬೇರು ಕತ್ತರಿಸುವುದು.* ಮೊದಲು ಹೋಗಬೇಕಾದ್ದು ನೇರ ಕೆಳಕ್ಕಿಳಿದ ದಪ್ಪ ಬೇರು. ಆಮೇಲೆ ಸುತ್ತು ಹಾಕಿದವು, ಒಂದರ ಮೇಲೊಂದು ಹತ್ತಿದವು. ಬುಡದಿಂದ ಸುತ್ತಲೂ ಅಡ್ಡಕ್ಕೆ ಹರಡಿದವು ಉಳಿಯಲಿ. ನೆಬಾರಿ ಅನ್ನುವುದು ಅದಕ್ಕೇ, ಮರ ನೆಲ ಕಚ್ಚಿ ನಿಂತಂತೆ ಕಾಣಿಸುವ ಬೇರುಗಳು. ದಪ್ಪ ಬೇರನ್ನು ಎಲ್ಲಿ ಕತ್ತರಿಸುವುದು ಅಂತ ಅನುಮಾನ ಬಂದರೆ, ಅದರ ಮೇಲೆ ಬುಡದ ಹತ್ತಿರ ಎಳೆ ಬೇರುಗಳಿವೆಯಾ ನೋಡಿ. ಇದ್ದರೆ ಅವುಗಳ ಆಚೆ ಕತ್ತರಿಸಿ. ಇಲ್ಲದಿದ್ದರೆ ಸ್ವಲ್ಪವೇ ಮೊಟಕು ಮಾಡಿ, ಉಳಿದದ್ದು ಮುಂದಿನ ಸಲಕ್ಕೆ.

ಎಷ್ಟು ಕತ್ತರಿಸಬಹುದು? ಆರೋಗ್ಯವಾದ ಮರದಲ್ಲಿ ಮೂರರಲ್ಲಿ ಒಂದು ಪಾಲು. ಸೂಜಿ ಮರಗಳ ಪೈಕಿ ಲಾರ್ಚ್ ಇದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಆ ಧೈರ್ಯದಲ್ಲೇ ಎಷ್ಟೋ ಜನ ಅರ್ಧಕ್ಕಿಂತ ಹೆಚ್ಚು ತೆಗೆದು ಕೈ ಸುಟ್ಟುಕೊಳ್ಳುವುದು. ಕತ್ತರಿ ಚೂಪಾಗಿರಲಿ, ಜಜ್ಜಿದ ತುದಿ ಕೊಳೆಯುತ್ತದೆ. ಕತ್ತರಿಸಿದ ಕಡೆ ರಾಳ ಜಿನುಗಿ ಬೆರಳು ಅಂಟುತ್ತದೆ, ಅಡುಗೆ ಎಣ್ಣೆ ಹಚ್ಚಿ ಉಜ್ಜಿದರೆ ಹೋಗುತ್ತದೆ. ನಡುನಡುವೆ ಬೇರಿಗೆ ನೀರು ಚಿಮುಕಿಸುತ್ತಲೇ ಇರಿ. ಫೋನ್ ಬಂದರೆ ಒದ್ದೆ ಬಟ್ಟೆ ಹೊದಿಸಿ ಎದ್ದುಹೋಗಿ.

*6. ಕೂರಿಸುವುದು.* ಕುಂಡದ ತಳಕ್ಕೆ ತೆಳ್ಳಗೆ ಮಣ್ಣು ಹರಡಿ, ಬುಡ ಬರುವ ಕಡೆ ಸಣ್ಣ ಗುಡ್ಡೆ ಮಾಡಿ. ಮರವನ್ನು ಅದರ ಮೇಲಿಟ್ಟು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಒತ್ತಿ ಕೂರಿಸಿ. ಹೀಗೆ ಮಾಡಿದರೆ ಬುಡದ ಅಡಿ ಪೊಳ್ಳು ಉಳಿಯುವುದಿಲ್ಲ. ಈಗ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣನ್ನು ಕುಂಡದ ಮಟ್ಟಕ್ಕೆ ತಂದು ನೋಡಿ. ಮುಂಭಾಗ ಸರಿ ಇದೆಯಾ, ವಾಲು ಸರಿ ಇದೆಯಾ, ಬುಡ ಅಂಚಿಗಿಂತ ತುಸು ಮೇಲಿದೆಯಾ? ತಿದ್ದುವುದಿದ್ದರೆ ಈಗಲೇ. ಒಮ್ಮೆ ಕಟ್ಟಿದರೆ ಮುಂದಿನ ಕೆಲವು ವರ್ಷ ಈ ನಿಲುವನ್ನೇ ನೋಡಬೇಕು.

*7. ಬಿಗಿಯಾಗಿ ಕಟ್ಟಿ.* ತಂತಿಗಳನ್ನು ಬೇರಿನ ಉಂಡೆಯ ಮೇಲೆ ತಂದು ಇಕ್ಕಳದಲ್ಲಿ ಎಳೆದು ತಿರುಚಿ. ಕಾಣುವ ದಪ್ಪ ಬೇರಿನ ಮೇಲೆ ತಂತಿ ಹಾಯುವುದಾದರೆ ನಡುವೆ ರಬ್ಬರ್ ತುಂಡು ಇಡಿ. ಕಾಂಡ ಹಿಡಿದು ಮೆಲ್ಲಗೆ ತಳ್ಳಿದರೆ ಮರದ ಜೊತೆ ಕುಂಡವೂ ಅಲುಗಬೇಕು. ಮರ ಮಾತ್ರ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಿ. ಗಾಳಿಗೆ ಮರ ಓಲಾಡಿದಷ್ಟೂ ಕೂದಲೆಳೆಯಂಥ ಹೊಸ ಬೇರುಗಳು ಹರಿಯುತ್ತಲೇ ಇರುತ್ತವೆ. ಮಣ್ಣು ಎಷ್ಟೇ ಚೆನ್ನಾಗಿದ್ದರೂ ಆಗ ಪ್ರಯೋಜನವಿಲ್ಲ.

*8. ಮಣ್ಣು ತುಂಬಿ.* ಒಣ ಮಣ್ಣು ಹಾಕುತ್ತಾ ಚಾಪ್‌ಸ್ಟಿಕ್‌ನಿಂದ ಬೇರುಗಳ ಸಂದಿಗೆ ಇಳಿಸಿ. ಕುಟ್ಟುವುದಲ್ಲ, ಕಡ್ಡಿಯನ್ನು ಸಣ್ಣದಾಗಿ ಅಲ್ಲಾಡಿಸುವುದು. ಹರಳು ಸರಸರ ಇಳಿಯುತ್ತಿದ್ದರೆ ಅಲ್ಲಿ ಪೊಳ್ಳಿದೆ, ಇನ್ನೂ ಹಾಕಿ. ಇಳಿಯುವುದು ನಿಂತರೆ ಪಕ್ಕದ ಜಾಗಕ್ಕೆ ಹೋಗಿ. ಅಂಚಿಗಿಂತ ಅರ್ಧ ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ಇಲ್ಲದಿದ್ದರೆ ನೀರು ಹಾಕಿದಾಗ ಮಣ್ಣು ಹೊರಗೆ ಹರಿಯುತ್ತದೆ. ಮೇಲೆ ಪುಡಿಮಾಡಿದ ಸ್ಫ್ಯಾಗ್ನಮ್ ಪಾಚಿ ತೆಳ್ಳಗೆ ಉದುರಿಸಿದರೆ ಮೇಲ್ಪದರ ಬೇಗ ಒಣಗುವುದಿಲ್ಲ.

*9. ನೀರು.* ಸಣ್ಣ ತೂತಿನ ಝಾರಿಯಿಂದ, ತಳದಿಂದ ಬರುವ ಕಂದು ನೀರು ತಿಳಿಯಾಗುವವರೆಗೆ ಹಾಕಿ. ಇನ್ನೇನು ಸಾಕು ಅನ್ನಿಸಿದ ಮೇಲೂ ಎರಡು ಝಾರಿ.

ಕಾಡಿನಿಂದ ತಂದ ಹಳೆ ಮರವಾದರೆ

ಜಾಗದ ಮಾಲೀಕರ ಅನುಮತಿ ಪಡೆದು ತಂದ ಮರಕ್ಕೆ ಮೇಲಿನ ಲೆಕ್ಕ ಹಾಗೇ ಒಗ್ಗುವುದಿಲ್ಲ. ಮೊದಲು ಇದ್ದ ಮಣ್ಣಿನ ಸಮೇತ ಮರದ ಪೆಟ್ಟಿಗೆಗೆ ಹಾಕಿ, ಸುತ್ತ ಹರಳು ಮಣ್ಣು ತುಂಬಿ, ಎರಡು ಮೂರು ವರ್ಷ ಮರೆತುಬಿಡಿ. ಹೊಸ ಚಿಗುರು ಜೋರಾಗಿ ನೀಳವಾಗಿ ಬರುವುದು ಕಂಡ ಮೇಲೆ, ಬೇರಿನ ಉಂಡೆಯ ಒಂದು ಅರ್ಧದಲ್ಲಿ ಮಾತ್ರ ಹಳೆ ಮಣ್ಣು ಬಿಡಿಸಿ. ಇನ್ನೊಂದು ಅರ್ಧ ಎರಡು ಮೂರು ವರ್ಷದ ನಂತರ. ಯಾವ ಅರ್ಧ ಆಗಿದೆ ಅಂತ ಕುಂಡಕ್ಕೆ ಚೀಟಿ ಕಟ್ಟಿ ಬರೆದಿಡಿ. ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ.

ಆಮೇಲಿನ ಆರು ವಾರ

ಈಗ ಮರವನ್ನು ಗಾಳಿ ಮರೆಯಾಗಿರುವ, ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ಜಾಗದಲ್ಲಿಡಿ. ಕತ್ತಲೆ ಮೂಲೆ ಬೇಡ. ರಾತ್ರಿ ಹೆಪ್ಪುಗಟ್ಟುವ ಚಳಿ ಬರುವಂತಿದ್ದರೆ ಬಿಸಿ ಇಲ್ಲದ ಶೆಡ್ಡಿನೊಳಗೆ ಇಟ್ಟು ಬೆಳಿಗ್ಗೆ ಹೊರಗೆ ತನ್ನಿ. ಮಲಗಿದ್ದಾಗ ಎಂಥ ಚಳಿಯನ್ನೂ ತಡೆಯುವ ಈ ಮರ, ಬಿರಿದ ಮೊಗ್ಗು ಮತ್ತು ಹಸಿ ಗಾಯದ ಬೇರು ಇರುವಾಗ ಒಂದೇ ರಾತ್ರಿಗೆ ಸೋತುಹೋಗಬಹುದು.

ನೀರಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಜಾಸ್ತಿ ಹಾಕುವುದು. ಬೇರು ಕಡಿಮೆ ಆಗಿದೆ, ಕುಡಿಯುವುದೂ ಕಡಿಮೆ. ಮೇಲ್ಪದರ ಒಣಗತೊಡಗಿದಾಗ ಹಾಕಿ, ಹಾಕಿದಾಗ ಪೂರ್ತಿ ಹಾಕಿ. ಸೂಜಿಗಳು ಬಿಚ್ಚಿ ದೊಡ್ಡದಾದಂತೆ ಬೇಡಿಕೆ ಏರುತ್ತದೆ, ನಡು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವೂ ಬೇಕಾದೀತು.

ಗೊಬ್ಬರ ಐದಾರು ವಾರ ಬೇಡ. ಸೂಜಿಗಳ ಎಳೆತನ ಹೋಗಿ ಬಣ್ಣ ಗಾಢವಾದ ಮೇಲೆ ಶುರುಮಾಡಿ. ಅದೇ ವಸಂತದಲ್ಲಿ ಕೊಂಬೆಗೆ ತಂತಿ ಸುತ್ತುವುದು, ಜೋರಾಗಿ ಕತ್ತರಿಸುವುದು ಕೂಡ ಬೇಡ. ಕೊಂಬೆ ತುದಿಯ ಬೆಳವಣಿಗೆಯೇ ಬೇರಿಗೆ ಬೆಳೆಯುವ ಸೂಚನೆ ಕಳಿಸುವುದು, ಅದನ್ನೇ ಕತ್ತರಿಸಿದರೆ ಬೇರು ಬರುವುದು ತಡವಾಗುತ್ತದೆ.

ಎರಡು ಮೂರು ವಾರ ಸೂಜಿಗಳು ಅರ್ಧ ಬಿಚ್ಚಿ ಅಲ್ಲೇ ನಿಂತಂತೆ ಕಂಡರೆ ಗಾಬರಿ ಬೇಡ, ಮರ ಕೆಳಗೆ ಕೆಲಸ ಮಾಡುತ್ತಿರಬಹುದು. ಜೋತುಬಿದ್ದು ಹಳದಿಯಾಗತೊಡಗಿದರೆ ನೆರಳಿಗೆ ಸರಿಸಿ, ಗಾಳಿ ತಪ್ಪಿಸಿ, ನೀರನ್ನು ಹದದಲ್ಲಿಡಿ. ಏನಾಗಿದೆ ನೋಡೋಣ ಅಂತ ಮತ್ತೆ ಕಿತ್ತು ಬೇರು ನೋಡಲು ಮಾತ್ರ ಹೋಗಬೇಡಿ.

ಹೊತ್ತು ತಪ್ಪಿದ್ದರೆ

ಬೇಸಿಗೆಯ ನಡುವೆ ಕುಂಡ ಬಿದ್ದು ಒಡೆದರೆ? ಅಥವಾ ನೀರು ಇಳಿಯುವುದೇ ನಿಂತುಹೋದರೆ? ಆಗ ಬೇರಿಗೆ ಕತ್ತರಿಯನ್ನೂ ಕೊಕ್ಕೆಯನ್ನೂ ಮುಟ್ಟಿಸದೆ, ಉಂಡೆಯನ್ನು ಇದ್ದಹಾಗೇ ಸ್ವಲ್ಪ ದೊಡ್ಡ ಕುಂಡಕ್ಕೆ ಇಳಿಸಿ ಸುತ್ತ ಹೊಸ ಮಣ್ಣು ತುಂಬಿ. ನೀರು ಒಳಗೆ ಇಳಿಯಲು ಉಂಡೆಯಲ್ಲಿ ಚಾಪ್‌ಸ್ಟಿಕ್‌ನಿಂದ ನಾಲ್ಕಾರು ಕಡೆ ತೂತು ಮಾಡಿ. ಪ್ಲಾಸ್ಟಿಕ್ ಬುಟ್ಟಿಯಾದರೂ ಪರವಾಗಿಲ್ಲ, ಚೆಂದ ನೋಡುವ ಹೊತ್ತಲ್ಲ ಅದು. ಬೇರಿನ ಕೆಲಸಕ್ಕೆ ಮುಂದಿನ ವಸಂತದಲ್ಲಿ ಹಸಿರು ಚುಕ್ಕೆ ಮೂಡುವವರೆಗೆ ಕಾಯಿರಿ.